ಮಸಾರಿ ಬೀಳಿನಲ್ಲಿ ಅಂಜನ ಹುಲ್ಲು ತೆಳ್ಳಗಾಗ್ತಿದೆ, ದನ ಹೇಗೆ ಮೇಯಿಸಬೇಕು?

ಪ್ರಶ್ನೆ (ಕುಷ್ಟಗಿ ಕಡೆಯಿಂದ)
ನಾಲ್ಕು ಎಕರೆ ಮಸಾರಿ ಬೀಳು, ಅಂದರೆ ಉಳದೆ ಬಿಟ್ಟ ಕೆಂಪು ನೆಲ. ಅಂಜನ ಹುಲ್ಲು, ಅಲ್ಲಲ್ಲಿ ಗರಿಕೆ. ಐದು ದನ, ಒಂದೊಂದು ಸುಮಾರು 300 ಕೆ.ಜಿ. ಮೊದಲ ಮಳೆಗೆ ಹಸಿರಾದ ಕೂಡಲೇ ಬಿಡ್ತೇವೆ, ಹೊಲವೆಲ್ಲ ಅಡ್ಡಾಡಿ ಮೇಯ್ತವೆ. ಈಗ ಅಂಜನ ಕಡಿಮೆಯಾಗಿ, ದನ ಅಷ್ಟಾಗಿ ತಿನ್ನದ ಹಂಚಿಕಡ್ಡಿ ಹುಲ್ಲು, ತಂಗಡಿ ಗಿಡ ಏಳ್ತಿವೆ. ದನ ಕಡಿಮೆ ಮಾಡಬೇಕೋ, ಮತ್ತೆ ಬೀಜ ಹಾಕಬೇಕೋ?

ಉತ್ತರ (ಲಿಂಗಸುಗೂರು)
ಬೀಜದ ಮಾತು ಆಮೇಲೆ. ಮೊದಲು ಅಂಜನದ ಒಂದು ಬುಡ ಕಿತ್ತು, ಮಣ್ಣು ಜಾಡಿಸಿ ನೋಡ್ರಿ. ಕಡ್ಡಿ ನೆಲಕ್ಕೆ ತಾಗುವಲ್ಲಿ ಉಬ್ಬಿರ್ತದೆ. ಆ ಹುಲ್ಲು ಆಹಾರ ಕೂಡಿಡೋದು ಅಲ್ಲೇ, ದನ ಕಡಿದ ಮೇಲೆ ಚಿಗುರೋದು ಅದರ ಬಲದಿಂದಲೇ. ಐದಾರು ದಿನಕ್ಕೆ ಆ ಚಿಗುರನ್ನೂ ಕಡಿದರೆ ಬುಡ ಬರಿದಾಗ್ತದೆ, ಬೇರು ಸಾಯ್ತದೆ. ದನಕ್ಕೆ ಎಳೆ ಚಿಗುರೇ ರುಚಿ; ಬೆಳೆದ ಹುಲ್ಲು ಬಿಟ್ಟು ಮತ್ತೆ ಅಲ್ಲಿಗೇ ಬಾಯಿ ಹಾಕ್ತವೆ. ನಿಮ್ಮ ಬೀಳು ಕೆಟ್ಟದ್ದು ಬಹುಪಾಲು ಹೀಗೆ.

20 ಗುಂಟೆಯ ಎಂಟು ಪಟ್ಟಿ ಮಾಡ್ರಿ. ಒಂದು ಮೀಟರ್ ಉದ್ದಗಲದ ಚೌಕದಲ್ಲಿ ನೆಲದಿಂದ ನಾಲ್ಕು ಬೆರಳು ಬಿಟ್ಟು ಹುಲ್ಲು ಕೊಯ್ದು, ಗರಿಗರಿ ಒಣಗಿಸಿ ತೂಗ್ರಿ. ಮೂರ್ನಾಲ್ಕು ಕಡೆ ಹೀಗೆ ಮಾಡಿ ಸರಾಸರಿ ತೆಗೀರಿ. 150 ಗ್ರಾಂ ಬಂದರೆ ಪಟ್ಟಿಗೆ 300 ಕೆ.ಜಿ. ಒಣ ಮೇವು, ಮೇಯಿಸೋದು ಅರ್ಧ, ಅಂದರೆ 150. ದನವೊಂದಕ್ಕೆ ದಿನಕ್ಕೆ ಆರೂವರೆ ಕೆ.ಜಿ., ಐದಕ್ಕೆ 32-33. ತುಳಿದು ಹಾಳಾಗೋದನ್ನು ಕಳೆದರೆ ನಾಲ್ಕು ದಿನ. ಐದನೇ ದಿನ ಬೆಳಿಗ್ಗೆ ಮುಂದಿನ ಪಟ್ಟಿ. ಸುತ್ತು ಮುಗಿಯೋದರೊಳಗೆ ಮೊದಲ ಪಟ್ಟಿಗೆ 28 ದಿನ ಬಿಡುವು.

ಮಳೆ ಹಿಡಿದಾಗ 28 ದಿನ ಸಾಕು. ಮಳೆ ಹಿಂದೆ ಬಿದ್ದರೆ 40-45 ಬೇಕು, ಆದರೆ ಹುಲ್ಲು ಸಾಲದೆಂದು ಜನ ಆಗಲೇ ಬೇಗಬೇಗ ಪಟ್ಟಿ ಬದಲಿಸ್ತಾರೆ. ದಯವಿಟ್ಟು ಹಾಗೆ ಮಾಡಬೇಡ್ರಿ. ಹುಲ್ಲು 35-40 ಸೆಂ.ಮೀ. ಆದಾಗ ಒಳಗೆ ಬಿಡ್ರಿ, 15ಕ್ಕೆ ಇಳಿದಾಗ ಹೊರಗೆ ತರ್ರಿ. ನಡುವಿನ ದಿನ ಕೊಟ್ಟಿಗೆಯಲ್ಲಿ ಕಣಿಕೆ (ಜೋಳದ ಒಣ ದಂಟು) ಹಾಕ್ರಿ. ಮುಂಗಾರಿನ ಮೊದಲ ಐದಾರು ವಾರವೂ ಅಷ್ಟೇ.

ಉತ್ತರ (ಸಿಂಧನೂರು)
ಮೇಲಿನ ಲೆಕ್ಕ ಸರಿ, ಆದರೆ ದನ ಹೆಚ್ಚಾದವು ಅನ್ನೋದೂ ನಿಜ. ಐದು ದನಕ್ಕೆ ವರ್ಷಕ್ಕೆ 12 ಟನ್ ಒಣ ಮೇವು ಬೇಕು. ಎಂಟು ಪಟ್ಟಿಯ ಒಂದು ಸುತ್ತಿಗೆ ಸಿಗೋದು 1,200 ಕೆ.ಜಿ. ಚಿತ್ತಿ ಮಳೆ (ಅಕ್ಟೋಬರ್) ಮುಗಿಯೋದರೊಳಗೆ ಮೂರು ಸುತ್ತು, ತುಂಬಾ ಒಳ್ಳೆ ವರ್ಷ ನಾಲ್ಕು. ಉಳಿದ ಏಳೆಂಟು ಟನ್ ಕಣಿಕೆ, ಶೇಂಗಾ ಹೊಟ್ಟು ಕೈಯಲ್ಲಿ ಇಲ್ಲದಿದ್ದರೆ ಎರಡು ದನ ಇಳಿಸಲೇಬೇಕು.

ಮೇವು ಸಾಲದಾಗ ಕೂಳೆ ಜೋಳದ (ಕೊಯ್ದ ಬುಡದಿಂದ ಮತ್ತೆ ಏಳೋ ಜೋಳ) ಎಳೆ ಚಿಗುರಿಗೆ ಬಿಡಬೇಡಿ. ಮೊಣಕಾಲೆತ್ತರದ, ಅದರಲ್ಲೂ ಬಾಡಿದ ಚಿಗುರಿನಲ್ಲಿ ಸಯನೈಡ್ ವಿಷ ಹೆಚ್ಚು. ಉಸಿರು ಕಟ್ಟಿ, ನಡುಗಿ, ಸ್ವಲ್ಪ ಹೊತ್ತಿನಲ್ಲೇ ಸಾಯ್ತವೆ. ಲಕ್ಷಣ ಕಂಡ ತಕ್ಷಣ ಪಶುವೈದ್ಯರನ್ನು ಕರೆಸಿ.

ಪ್ರಶ್ನೆ ಕೇಳಿದವರು
ಎಂಟು ಪಟ್ಟಿಗೆ ಬೇಲಿ ಹಾಕೋ ಶಕ್ತಿ ಇಲ್ಲ ಅಣ್ಣಾರ.

ಉತ್ತರ (ಲಿಂಗಸುಗೂರು)
ಬೇಡ್ರಿ, ಗೂಟ ಸಾಕು. ಐದು ಮೀಟರ್ ಹಗ್ಗ ಅಂದರೆ ಗೂಟದ ಸುತ್ತ 78 ಚದರ ಮೀಟರ್ ಜಾಗ. ಅದೇ ಅರ್ಧದ ಲೆಕ್ಕಕ್ಕೆ ಸುಮಾರು ಆರು ಕೆ.ಜಿ., ಒಂದು ದನಕ್ಕೆ ಒಂದು ದಿನ. ದಿನಾ ಬೆಳಿಗ್ಗೆ ಗೂಟ ಕಿತ್ತು ಹತ್ತು ಮೀಟರ್ ಆಚೆ ಬಡೀರಿ. ಹಗ್ಗಕ್ಕೆ ತಿರುಗಣಿ ಇರಲಿ, ಇಲ್ಲದಿದ್ದರೆ ಸುತ್ತಿಕೊಂಡು ಕಾಲು ಕಟ್ತದೆ. ಮಧ್ಯಾಹ್ನ ನೀರು, ನೆರಳು ತಪ್ಪಿಸಬೇಡ್ರಿ.

ಉತ್ತರ (ಸಂಡೂರು)
ಬೀಜ ಬೋಳಾದ ಕಡೆಗೆ ಮಾತ್ರ ಹಾಕಿ. ಎಕರೆಗೆ ಅಂಜನ 2 ಕೆ.ಜಿ., ಸ್ಟೈಲೋ (ದ್ವಿದಳ ಮೇವಿನ ಗಿಡ) 2 ಕೆ.ಜಿ. ಅಂಜನದ ಹೊಸ ಬೀಜ ಸರಿಯಾಗಿ ಮೊಳೆಯಲ್ಲ, ಹೋದ ವರ್ಷದ್ದು ತನ್ನಿ. ಹತ್ತಿಯಂತೆ ಹಗುರ ಇರೋದರಿಂದ ಹಸಿ ಮರಳಿನಲ್ಲಿ ಕಲಸಿ ಎರಚಿ, ಒಂದು ಸೆಂ.ಮೀ.ಗಿಂತ ಆಳ ಹೋಗದಂತೆ ಮುಳ್ಳುಕೊಂಬೆ ಎಳೀರಿ. ಸ್ಟೈಲೋ ಬೀಜ 80 ಡಿಗ್ರಿ ನೀರಲ್ಲಿ ನಾಲ್ಕು ನಿಮಿಷ ಅದ್ದಿ, ರಾತ್ರಿ ತಣ್ಣೀರಲ್ಲಿ ನೆನೆಸಿ. ಆ ಜಾಗಕ್ಕೆ ಮೊದಲ ವರ್ಷ ಬೀಜ ಉದುರೋವರೆಗೆ ದನ ಬೇಡ.

ಬೇಸಿಗೆಯಲ್ಲಿ ದನ ಬಳ್ಳಾರಿ ಜಾಲಿ ಕಾಯಿ ತಿಂತಾವಲ್ಲ, ಅದರ ಬೀಜ ಸಗಣಿಯಲ್ಲಿ ಜೀವಂತ ಬಂದು ಬೀಳಲ್ಲೇ ಮೊಳೀತದೆ. ಕಾಯಿ ತಿನ್ನೋ ಕಾಲದಲ್ಲಿ ಹೊರಗಿಂದ ಬಂದ ದನವನ್ನು ನಾಲ್ಕೈದು ದಿನ ಕೊಟ್ಟಿಗೆಯಲ್ಲಿ ಕಟ್ಟಿ ಆಮೇಲೆ ಬಿಡಿ. ಎದ್ದ ಸಸಿಗಳನ್ನು ಮಳೆಗೆ ನೆಲ ಮೆತ್ತಗಿದ್ದಾಗಲೇ ಬೇರುಸಮೇತ ಕೀಳಿ. ಕಡಿದರೆ ಬುಡದಿಂದ ನಾಲ್ಕು ಕೊಂಬೆ ಏಳ್ತವೆ.