ಪದಚರ್ಚೆ: ಚಿಂತನಾತ್ಮಕ ಪ್ರಬಂಧವೂ ಚರ್ಚಾತ್ಮಕ ಪ್ರಬಂಧವೂ ಒಂದೆಯೆ?

ಮಾನ್ಯರೆ,

ಪ್ರೌಢಶಾಲೆಯ ವ್ಯಾಕರಣ ಪುಸ್ತಕಗಳು ಪ್ರಬಂಧದ ಬಗೆಗಳನ್ನು ಹೇಳುವಾಗ ವರ್ಣನಾತ್ಮಕ, ಕಥನಾತ್ಮಕ, ಆತ್ಮಕಥನಾತ್ಮಕ, ಚಿಂತನಾತ್ಮಕ, ಹರಟೆ ಮುಂತಾದ ಹೆಸರುಗಳನ್ನು ಕೊಡುತ್ತವೆ. ಮೊದಲ ಮೂರರಲ್ಲಿ ಗೊಂದಲವಿಲ್ಲ. ಊರ ಕೆರೆಯ ಏರಿ, ತೂಬು, ಕೋಡಿಗಳನ್ನು ಕಣ್ಣಿಗೆ ಕಟ್ಟುವಂತೆ ಬರೆದರೆ ವರ್ಣನೆ. ಕೋಡಿ ಹರಿದ ದಿನ ನಡೆದದ್ದನ್ನು ಹೇಳಿದರೆ ಕಥನ. ಕೆರೆಯೇ ‘ನಾನು’ ಎಂದು ಮಾತಿಗಿಳಿದರೆ ಆತ್ಮಕಥನ. ‘ಹೂಳೆತ್ತುವ ಹೊಣೆ ಪಂಚಾಯಿತಿಯದೋ ಊರವರದೋ’ ಎಂಬ ವಿಷಯ ಬಂದಾಗ ಮಾತ್ರ ಹೆಸರು ತೊಡಕಾಗುತ್ತದೆ: ಇದನ್ನು ಕೆಲವರು ಚಿಂತನಾತ್ಮಕ ಎನ್ನುತ್ತಾರೆ, ಕೆಲವರು ವೈಚಾರಿಕ, ಇನ್ನು ಕೆಲವರು ಚರ್ಚಾತ್ಮಕ.

ಇವನ್ನು ಬೇರೆ ಮಾಡಲೇಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಚಿಂತನೆ ಒಬ್ಬರೇ ಮಾಡುವಂಥದ್ದು, ತೀರ್ಮಾನಕ್ಕೆ ಬರದೆಯೂ ನಿಲ್ಲಬಹುದು. ಚರ್ಚೆಗೆ ಎದುರಾಳಿ ಬೇಕು. ಚರ್ಚಾತ್ಮಕ ಪ್ರಬಂಧ ಬರೆಯುವವನು ತನ್ನ ನಿಲುವನ್ನು ಮೊದಲೇ ಸ್ಪಷ್ಟಪಡಿಸಿ, ಎದುರು ಪಕ್ಷದ ಅತ್ಯಂತ ಗಟ್ಟಿಯಾದ ವಾದವನ್ನು ಮೊಟಕುಗೊಳಿಸದೆ ಹೇಳಿ, ಅದಕ್ಕೆ ಆಧಾರಸಹಿತ ಉತ್ತರ ಕೊಡಬೇಕು. ಈ ಕೆಲಸವನ್ನು ಹೆಸರೇ ಸೂಚಿಸದಿದ್ದರೆ, ಮಕ್ಕಳು ಕೆರೆಯ ನಾಲ್ಕು ಉಪಯೋಗಗಳನ್ನು ಬರೆದು ‘ಆದ್ದರಿಂದ ನಾವೆಲ್ಲರೂ ಕೆರೆಯನ್ನು ಉಳಿಸಬೇಕು’ ಎಂದು ಮುಗಿಸಿಬಿಡುತ್ತಾರೆ. ಹೊಣೆ ಯಾರದೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಕಟ್ಟು ಇಂಥ ಬರವಣಿಗೆಗೆ ಒಪ್ಪುತ್ತದೆ. ಹರಟೆಗೂ, ಎ. ಎನ್. ಮೂರ್ತಿರಾಯರಂಥವರು ಬೆಳೆಸಿದ ಲಲಿತ ಪ್ರಬಂಧಕ್ಕೂ ಅದನ್ನೇ ಹೇರುವುದು ಸರಿಯಲ್ಲ. 1580ರಲ್ಲಿ ಫ್ರಾನ್ಸಿನ ಪ್ರಬಂಧಕಾರ ಮಾಂಟೇನ್ ತನ್ನ ಬರಹಗಳಿಗೆ ‘ಪ್ರಯತ್ನಗಳು’ ಎಂಬ ಅರ್ಥದ ಹೆಸರಿಟ್ಟನು. ನಮ್ಮ ‘ಪ್ರಬಂಧ’ವಾದರೋ ಚೆನ್ನಾಗಿ ಕಟ್ಟಿದ್ದು ಎಂಬ ಅರ್ಥದಿಂದ ಬಂದದ್ದು, ಹಳಗನ್ನಡ ಕವಿ ನೇಮಿಚಂದ್ರನ ‘ಲೀಲಾವತಿ ಪ್ರಬಂಧಂ’ ಎಂಬ ಚಂಪೂಕಾವ್ಯಕ್ಕೂ ಸಂದ ಹೆಸರು. ಸಡಿಲವಾಗಿ ಅಲೆಯುವ ಬರಹವನ್ನೂ ಬಿಗಿಯಾಗಿ ವಾದಿಸುವ ಬರಹವನ್ನೂ ಈ ಒಂದೇ ಪದ ಹೊರಬೇಕಾಗಿ ಬಂದಿದೆ.

ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಎರಡು. ಚಿಂತನಾತ್ಮಕ, ಚರ್ಚಾತ್ಮಕ ಎಂಬ ಪದಗಳನ್ನು ಬೇರೆಬೇರೆ ಅರ್ಥದಲ್ಲಿ ಬಳಸಿರುವ ಹಳೆಯ ಪಠ್ಯಗಳಿವೆಯೆ? ಮರಾಠಿ, ಹಿಂದಿಗಳಲ್ಲಿ ರೂಢಿಯಲ್ಲಿರುವ ‘ನಿಬಂಧ’ವನ್ನು ವಾದಪ್ರಧಾನ ಬರಹಕ್ಕೆ ಮೀಸಲಿಟ್ಟರೆ, ಷರತ್ತು ಎಂಬ ಅರ್ಥದ ನಮ್ಮ ‘ನಿಬಂಧನೆ’ಯೊಡನೆ ಅದು ಗೊಂದಲ ಉಂಟುಮಾಡೀತೆ?