ಹೇನಿನ ಔಷಧಿಗೆ ಮೀನುಮರಿ ಬಲಿ ಕೊಡಲೇಬೇಕಾ?

ಪ್ರಶ್ನೆ (ಮೀನು ಸಾಕುವವರು, ಬೀಳಗಿ ತಾಲ್ಲೂಕು, ಬಾಗಲಕೋಟೆ):
ನಮಸ್ಕಾರ ಮೇಡಂ. ಆಲಮಟ್ಟಿ ಹಿನ್ನೀರಿನ ಕಡೆ ನಮ್ಮವು ಎರಡು ಹೊಂಡ, ಕಟ್ಲಾ, ರೋಹು ಬಿಟ್ಟಿದ್ದೇವೆ. ಈ ಸಲ ಮೀನಿನ ಮೈಗೆ ಹೇನು ಜಾಸ್ತಿ. ಹೊಸ ಔಷಧಿ ತಂದರೆ ಮೊದಲು ಬಕೆಟ್‌ನಲ್ಲಿ ಹತ್ತು ಮರಿ ಬಿಟ್ಟು ನೋಡುತ್ತೇನೆ. ಹೋದ ವಾರ ಬೆಳಗಾಗುವುದರೊಳಗೆ ಹತ್ತೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಈಗ ಮೀನಿನ ಜೀವಕೋಶದ ಮೇಲೇ ಪರೀಕ್ಷೆ ಮಾಡ್ತಾರಂತೆ, ನಿಜವಾ? ನಮಗೂ ಸಿಗುತ್ತಾ?

ಉತ್ತರ (ಮೀನಿನ ಕೋಶ ಬೆಳೆಸುವ ಲ್ಯಾಬ್‌ನಲ್ಲಿ ಕೆಲಸ):
ನಿಜ ರೀ. ರೇನ್‌ಬೋ ಟ್ರೌಟ್ ಮೀನಿನ ಕಿವಿರಿನ ಕೋಶಗಳ ಮೇಲೆ ವಿಷ ಪರೀಕ್ಷಿಸುವ ವಿಧಾನಕ್ಕೆ 2021ರಲ್ಲಿ ಹಲವು ದೇಶಗಳ ಒಕ್ಕೂಟವಾದ ಒಇಸಿಡಿ ಒಪ್ಪಿಗೆ ಕೊಟ್ಟಿತು. ಬದುಕಿದ ಮೀನಿನ ಪರೀಕ್ಷೆಗೆ 96 ಗಂಟೆ ಬೇಕು, ಇದಕ್ಕೆ 24 ಸಾಕು. ಕೋಶಕ್ಕೆ ಬಣ್ಣ ಹಾಕುತ್ತೇವೆ. ಕೋಶ ಬದುಕಿದ್ದಷ್ಟೂ ಹೊಳಪು ಜಾಸ್ತಿ.

ಆದರೆ ನಿಮ್ಮ ವಿಷಯಕ್ಕೆ ಒಂದು ತೊಡಕಿದೆ. ಹೇನಿಗೆ ಸೈಪರ್‌ಮೆಥ್ರಿನ್ ಥರದ ಕೀಟನಾಶಕ ಹಾಕಿದ್ದರೆ, ಅದು ಹೊಡೆಯುವುದು ನರಕ್ಕೆ. ಕಿವಿರಿನ ಕೋಶಕ್ಕೆ ನರ ಎಲ್ಲಿಂದ ಬರಬೇಕು? ಮೀನು ಸಾಯುವ ಪ್ರಮಾಣದಲ್ಲೂ ಕೋಶ ಆರಾಮಾಗಿ ಕೂತಿರುತ್ತದೆ. ಇಂಥ ಔಷಧಿಗೆ ಕೋಶದ ಮಾತು ಒಂದನ್ನೇ ನಾನಂತೂ ನಂಬುವುದಿಲ್ಲ. ಹೊಂಡದ ದಂಡೆಯಲ್ಲಿ ಮಾಡುವ ಕೆಲಸವೂ ಅಲ್ಲ, ಲ್ಯಾಬ್ ಬೇಕು.

ಪ್ರಶ್ನೆ (ವಿದ್ಯಾರ್ಥಿನಿ, ವಿಜಯಪುರ):
ಕೋಶ ತೆಗೆಯಲಿಕ್ಕೂ ಮೀನು ಕೊಲ್ಲಬೇಕಲ್ವಾ ಅಕ್ಕಾ?

ಉತ್ತರ:
ಕಿವಿರು, ಮೂತ್ರಪಿಂಡ ಬೇಕಾದರೆ ಕೊಲ್ಲಬೇಕು, ರೆಕ್ಕೆಯ ತುದಿಯಾದರೆ ಬೇಡ. ಅದನ್ನು ಸಣ್ಣಗೆ ಕೊಚ್ಚಿ ಫ್ಲಾಸ್ಕ್ ತಳಕ್ಕೆ ಅಂಟಿಸುತ್ತೇವೆ. ರೋಹು ಆದರೆ 28 ಡಿಗ್ರಿ ಆಸುಪಾಸು ಇಡಬೇಕು. ಕೆಲವು ದಿನಕ್ಕೆ ತುಣುಕಿನ ಸುತ್ತ ಕೋಶಗಳು ಹರಿದು ಬರುತ್ತವೆ, ನೋಡೋಕೆ ಚೆಂದ. ಹೊಂಡದ ಮೀನಾದರೆ ತೊಳೆದಷ್ಟೂ ಸಾಲದು. ಒಂದು ಬ್ಯಾಕ್ಟೀರಿಯಾ ಉಳಿದರೂ ಕೋಶ ಬೆಳೆಸುವ ಗುಲಾಬಿ ದ್ರವ ರಾತ್ರೋರಾತ್ರಿ ಹಳದಿಯಾಗಿ ಕದಡುತ್ತದೆ. ನನ್ನ ಮೊದಲ ಆರು ಫ್ಲಾಸ್ಕ್ ಹಾಗೇ ಹೋದವು! ಒಮ್ಮೆ ನೆಲೆ ನಿಂತ ಕೋಶ ವರ್ಷಗಟ್ಟಲೆ ಬರುತ್ತದೆ. 1962ರಲ್ಲಿ ವರದಿಯಾದ ಟ್ರೌಟ್ ಕೋಶವನ್ನು ಇಂದಿಗೂ ಬಳಸುತ್ತಾರೆ. ನಮ್ಮ ದೇಶದ ಮೀನುಗಳ ಕೋಶ ಕೂಡಿಡಲು ಲಖನೌದ ಮೀನು ತಳಿ ಸಂಪತ್ತಿನ ರಾಷ್ಟ್ರೀಯ ಸಂಸ್ಥೆ ಎನ್‌ಬಿಎಫ್‌ಜಿಆರ್‌ನಲ್ಲಿ ಭಂಡಾರವೇ ಇದೆ. ಆದರೂ ಕೋಶ ಬೆಳೆಯಲು ಹಾಕುವ ಸೀರಮ್ ಬರುವುದು ಹುಟ್ಟದ ಕರುವಿನ ರಕ್ತದಿಂದ. ಪ್ರಾಣಿ ಪೂರ್ತಿ ತಪ್ಪಿತು ಅನ್ನುವ ಹಾಗಿಲ್ಲ.

ಬೀಳಗಿಯವರೇ, ಒಂದು ಕೇಳುವುದು ಮರೆತೆ. ಔಷಧಿ ಹಾಕದ ಇನ್ನೊಂದು ಬಕೆಟ್ ಪಕ್ಕದಲ್ಲಿ ಇಟ್ಟಿದ್ರಾ? ಗಾಳಿ ಪಂಪ್ ಇತ್ತಾ?

ಬೀಳಗಿಯವರು:
ಎರಡೂ ಇರಲಿಲ್ಲ ಮೇಡಂ.

ಉತ್ತರ:
ಹಾಗಾದರೆ ಸತ್ತಿದ್ದು ಔಷಧಿಗೋ ಉಸಿರು ಕಟ್ಟಿಯೋ ಗೊತ್ತಾಗಲ್ಲ. ಮುಂದಿನ ಸಲ ಎರಡು ಬಕೆಟ್, ಎರಡಕ್ಕೂ ಗಾಳಿ, ಮೂರು ಮೂರೇ ಮರಿ.