ಭಯೋತ್ಪಾದನೆ ಎಲ್ಲಿಂದ ಶುರುವಾಗುತ್ತದೆ, ಊರಿಗೆ ಏನು ಮಾಡುತ್ತದೆ: ಅಕ್ಕೋರಿಗೆ ಕೇಳಿದ ಪ್ರಶ್ನೆಗಳು

2025ರಲ್ಲಿ ಕಾಶ್ಮೀರದ ಪಹಲ್ಗಾಮ್‌ನಲ್ಲಿ ಪ್ರವಾಸಿಗರ ಮೇಲೆ ನಡೆದ ದಾಳಿಯ ವಿಷಯಕ್ಕೆ ನಮ್ಮ ಗುಂಪಿನಲ್ಲಿ ದೊಡ್ಡ ಜಗಳ ಆಗಿತ್ತು. ಅದಕ್ಕೇ ಕುಮಟಾದಲ್ಲಿ ಬಹಳ ವರ್ಷ ರಾಜ್ಯಶಾಸ್ತ್ರ ಕಲಿಸಿದ ಅಕ್ಕೋರನ್ನು ಕೇಳಿಕೊಂಡೆವು. ಪ್ರಶ್ನೆ ಯಾರದ್ದು ಅಂತ ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ (ಶಿರಸಿ): ಅಕ್ಕೋರೇ, ಬಡತನ ಮತ್ತು ಓದು ಇಲ್ಲದಿರುವುದೇ ಇದಕ್ಕೆಲ್ಲ ಮೂಲ ಅಂತ ಎಲ್ಲರೂ ಹೇಳುತ್ತಾರೆ. ಹೌದಾ? ಮತ್ತೆ ಇದು ಶುರುವಾಗಿದ್ದು ಯಾವಾಗ?

ಉತ್ತರ: ಬಡತನವೇ ಮೂಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಒಸಾಮಾ ಬಿನ್ ಲಾಡೆನ್ ಸೌದಿಯ ಭಾರೀ ಶ್ರೀಮಂತ ಗುತ್ತಿಗೆದಾರರ ಮನೆಯವನು. 2001ರಲ್ಲಿ ನ್ಯೂಯಾರ್ಕ್‌ನ ಕಟ್ಟಡಕ್ಕೆ ಮೊದಲ ವಿಮಾನ ನುಗ್ಗಿಸಿದ ಮೊಹಮ್ಮದ್ ಅತ್ತಾ ಜರ್ಮನಿಯಲ್ಲಿ ನಗರ ಯೋಜನೆ ಓದಿದವನು. 1995ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ 168 ಜನರನ್ನು ಕೊಂದ ಟಿಮೋಥಿ ಮೆಕ್‌ವೇ ಅಲ್ಲಿನ ಸೈನ್ಯದಲ್ಲೇ ಇದ್ದವನು. ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞ ಇದನ್ನೇ ಅಂಕಿಅಂಶ ಇಟ್ಟುಕೊಂಡು ನೋಡಿದರು, ಬಡತನಕ್ಕೂ ಭಯೋತ್ಪಾದನೆಗೂ ನೇರ ನಂಟು ಅವರಿಗೆ ಕಾಣಲಿಲ್ಲ. ಹಾಗಂತ ಬಡತನ ಏನೂ ಅಲ್ಲ ಅಂತಲೂ ಅಲ್ಲ. 2008ರಲ್ಲಿ ಮುಂಬೈ ಮೇಲೆ ದಾಳಿ ಮಾಡಲು ಬಂದ ಕಸಬ್ ಪಾಕಿಸ್ತಾನದ ಪಂಜಾಬಿನ ಬಡ ಮನೆಯ ಹುಡುಗ. ಸಾಯಲಿಕ್ಕೆ ಕಳಿಸುವ ಹುಡುಗರು ಬಡವರ ಮನೆಯಲ್ಲಿ ಸಿಗುತ್ತಾರೆ, ಕಳಿಸುವವರು ಅಲ್ಲಿರುವುದು ಕಡಿಮೆ. ಬಡವರನ್ನು ದೂರುವುದು ಸುಲಭ, ಅದಕ್ಕೇ ಆ ಮಾತು ಜಾಸ್ತಿ ಓಡುತ್ತದೆ.

ಯಾವಾಗಿನಿಂದ ಅಂದರೆ, ಈಗಿನ ರೂಪದ್ದು ಸುಮಾರು ನೂರೈವತ್ತು ವರ್ಷದ್ದು. 1881ರಲ್ಲಿ ರಷ್ಯಾದ ಚಕ್ರವರ್ತಿ ಎರಡನೇ ಅಲೆಕ್ಸಾಂಡರನನ್ನು ನರೋದ್ನಾಯಾ ವೋಲ್ಯಾ ಎಂಬ ಗುಂಪು ಬಾಂಬ್ ಹಾಕಿ ಕೊಂದಿತು. ಡೈನಮೈಟ್ ಹೊಸದಾಗಿ ಬಂದಿತ್ತು, ಸುದ್ದಿ ದೇಶದಿಂದ ದೇಶಕ್ಕೆ ಹಬ್ಬುವಷ್ಟು ಪತ್ರಿಕೆಗಳೂ ಬಂದಿದ್ದವು. ಸಣ್ಣ ಗುಂಪೊಂದು ಇಡೀ ದೇಶವನ್ನು ಹೆದರಿಸಬಹುದು ಅಂತ ಗೊತ್ತಾಗಿದ್ದು ಆಗ. ಡೇವಿಡ್ ರಾಪೊಪೋರ್ಟ್ ಎಂಬ ವಿದ್ವಾಂಸರು ಅಲ್ಲಿಂದ ಈಚೆಗೆ ನಾಲ್ಕು ಅಲೆ ಗುರುತಿಸುತ್ತಾರೆ: ಸರ್ಕಾರವೇ ಬೇಡ ಎಂದವರು, ವಸಾಹತು ಆಳ್ವಿಕೆಯ ವಿರುದ್ಧ ಎದ್ದವರು, 1960ರ ನಂತರದ ಎಡಪಂಥೀಯ ಗುಂಪುಗಳು, 1979ರ ನಂತರ ಧರ್ಮದ ಹೆಸರಿನವರು. ಆತ್ಮಾಹುತಿ ಬೆಲ್ಟನ್ನು ಬಹಳ ಬಳಸಿದ, ಶ್ರೀಲಂಕಾದ ತಮಿಳು ಬಂಡುಕೋರರ ಎಲ್‌ಟಿಟಿಇ ಧರ್ಮದ ಗುಂಪೇ ಅಲ್ಲ, 1991ರಲ್ಲಿ ರಾಜೀವ್ ಗಾಂಧಿಯವರನ್ನು ಕೊಂದದ್ದು ಅವರೇ. 1995ರಲ್ಲಿ ಟೋಕಿಯೋದ ರೈಲಿನಲ್ಲಿ ವಿಷಾನಿಲ ಬಿಟ್ಟವರು ಒಬ್ಬ ಗುರುವಿನ ಶಿಷ್ಯರು. ಇದು ಒಂದೇ ಧರ್ಮದ ರೋಗ ಎನ್ನುವವರು ಈ ಇತಿಹಾಸ ಓದಿಲ್ಲ.

ಪ್ರಶ್ನೆ (ಶಿರಸಿ, ಅವರದ್ದೇ): ಹಾಗಾದರೆ ಒಬ್ಬ ಮನುಷ್ಯ ಆ ಕಡೆ ಹೋಗುವುದು ಹೇಗೆ?

ಉತ್ತರ: ಒಂದು ಸಿಟ್ಟು ಬೇಕು. ಅದು ತನಗೇ ಆದ ಅನ್ಯಾಯ ಇರಬಹುದು, ಮೊಬೈಲಿನಲ್ಲಿ ನೋಡಿದ ಬೇರೆಯವರ ಕಷ್ಟವೂ ಇರಬಹುದು. ಆಮೇಲೆ, ಕೊಲ್ಲುವುದೇ ಸರಿ ಅಂತ ಹೇಳಿಕೊಡುವ ಒಂದು ಕಥೆ ಬೇಕು. ಇವೆರಡು ಇದ್ದರೂ ನೂರಕ್ಕೆ ತೊಂಬತ್ತೊಂಬತ್ತು ಜನ ಏನೂ ಮಾಡುವುದಿಲ್ಲ, ಬೈದು ಮಲಗುತ್ತಾರೆ. ನನ್ನ ಪ್ರಕಾರ ದೊಡ್ಡದು ಮೂರನೆಯದು, ಜೊತೆಗಾರರು. ಗೆಳೆಯನೋ, ಅಣ್ಣನೋ, ಊರು ಬಿಟ್ಟು ಹೋದ ಕಡೆ ಪರಿಚಯವಾದ ನಾಲ್ಕು ಜನರೋ, ಯಾರೋ ಒಬ್ಬರು ಕೈ ಹಿಡಿದು ಕರೆದುಕೊಂಡು ಹೋಗುತ್ತಾರೆ. ಇದರ ಹಿಂದೆ ದುಡ್ಡು, ಬಂದೂಕು, ತರಬೇತಿ ಕೊಡುವ ದೇಶವೊಂದು ನಿಂತರೆ ಅದು 2008ರ ಮುಂಬೈ ಆಗುತ್ತದೆ. ದಾಳಿ ಮಾಡಿದ 10 ಜನರನ್ನು ಪಾಕಿಸ್ತಾನದ ಉಗ್ರ ಸಂಘಟನೆ ಲಷ್ಕರ್-ಎ-ತೊಯ್ಬಾ ತಯಾರು ಮಾಡಿತು, ಪಾಕಿಸ್ತಾನದಿಂದ ಫೋನಿನಲ್ಲೇ ನಡೆಸಿತು, 166 ಜನ ಸತ್ತರು. ಅದನ್ನು ಬರೀ ಹುಡುಗರ ಸಿಟ್ಟು ಅಂತ ವಿವರಿಸಲು ಬರುವುದಿಲ್ಲ.

ಪ್ರಶ್ನೆ (ಬೇಲೆಕೇರಿ): ಅಕ್ಕೋರೇ, ನಾವು ಮೀನುಗಾರರು. ಕಾರ್ಡ್ ತೋರಿಸು, ಬೋಟಿನ ಕಾಗದ ತೋರಿಸು, ನೇವಿ ಕಡೆ ಬರಬೇಡ. ನಮ್ಮ ಸಮುದ್ರದಲ್ಲಿ ನಮ್ಮನ್ನೇ ಕಳ್ಳರ ಹಾಗೆ ನೋಡುತ್ತಾರಲ್ಲ, ಯಾಕೆ?

ಉತ್ತರ: ಅಣ್ಣಾ, ನಿಮ್ಮ ಬೇಸರ ನ್ಯಾಯವಾದದ್ದು. ಕಾರವಾರದಲ್ಲಿ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟ ಊರುಗಳವರೇ ಈಗ ಆ ಕಡೆ ಬಲೆ ಬೀಸುವಂತಿಲ್ಲ. ಆದರೆ ಈ ತಪಾಸಣೆ ಎಲ್ಲಿಂದ ಬಂತು ಅಂತ ಹೇಳುತ್ತೇನೆ. ಮುಂಬೈಗೆ ಬಂದವರು ಸಮುದ್ರದಲ್ಲಿ ಗುಜರಾತಿನ 'ಕುಬೇರ್' ಎಂಬ ಮೀನುಗಾರಿಕೆ ಬೋಟನ್ನು ಹಿಡಿದರು. ಬೋಟಿನ ಮೀನುಗಾರರನ್ನು ಕೊಂದರು. ಬೋಟು ನಡೆಸುವ ತಾಂಡೇಲನೊಬ್ಬನನ್ನು ಮುಂಬೈ ಹತ್ತಿರ ಬರುವ ತನಕ ಉಳಿಸಿಕೊಂಡು, ಆಮೇಲೆ ಅವನನ್ನೂ ಕೊಂದರು. ಅಂದರೆ ಆ ದಾಳಿಯಲ್ಲಿ ಮೊದಲು ಸತ್ತವರು ನಿಮ್ಮಂಥವರೇ. ಕೊಲಾಬಾದ ಮೀನುಗಾರರ ಕೇರಿಯಲ್ಲಿ ದಡ ಹತ್ತಿದಾಗ ನೀವು ಯಾರು ಅಂತ ಮೊದಲು ಕೇಳಿದವರೂ ಮೀನುಗಾರರೇ. 1993ರಲ್ಲಿ 257 ಜನ ಸತ್ತ ಮುಂಬೈ ಸ್ಫೋಟಗಳ ಸಾಮಾನು ಇಳಿದದ್ದೂ ರಾಯಗಡದ ಕರಾವಳಿಯಲ್ಲಿ. ಆ ಕೇಸಿನಲ್ಲಿ ಕೆಲವು ಕಸ್ಟಮ್ಸ್ ಮತ್ತು ಪೊಲೀಸ್ ನೌಕರರಿಗೇ ಶಿಕ್ಷೆಯಾಯಿತು.

ಹಾಗಾಗಿ ಕಾರ್ಡ್ ಬೇಕು, ಸಾಗರ ಕವಚದಂಥ ಅಣಕು ಕಾರ್ಯಾಚರಣೆಯೂ ಬೇಕು. ಆದರೆ ಕೇಳುವ ರೀತಿ ಬದಲಾಗಬೇಕು. ಸಮುದ್ರದಲ್ಲಿ ಹೊಸ ಬೋಟು ಬಂದರೆ ಮೊದಲು ಗೊತ್ತಾಗುವುದು ನಿಮಗೆ, ಪೊಲೀಸರಿಗಲ್ಲ. ನಿಮ್ಮನ್ನು ಗದರಿಸಿ ದೂರ ಮಾಡಿಕೊಂಡರೆ ಅವರ ಕಣ್ಣನ್ನು ಅವರೇ ಕಟ್ಟಿಕೊಂಡ ಹಾಗೆ. ಇದನ್ನು ಮೀನುಗಾರರ ಸಂಘದ ಸಭೆಯಲ್ಲಿ ಅಧಿಕಾರಿಗಳ ಮುಂದೆಯೇ ಹೇಳಿ, ಬರೆದು ಕೊಡಿ.

ಪ್ರಶ್ನೆ (ಭಟ್ಕಳ): ಮೇಡಂ, ನಾನು ಬೆಂಗಳೂರಿನಲ್ಲಿ ಓದುತ್ತಿದ್ದೇನೆ. ಬಾಡಿಗೆ ರೂಮಿಗೆ ಹೋದಾಗ ಆಧಾರ್ ನೋಡಿ "ಭಟ್ಕಳವಾ" ಅಂದವರು ಮತ್ತೆ ಫೋನ್ ಎತ್ತಲೇ ಇಲ್ಲ. ಇದಕ್ಕೆ ನಾನೇನು ಮಾಡಲಿ?

ಉತ್ತರ: ತಮಾ, ಇದನ್ನು ಓದಿ ನನಗೆ ತುಂಬಾ ನೋವಾಯಿತು. ಇಂಡಿಯನ್ ಮುಜಾಹಿದೀನ್ ಎಂಬ ಉಗ್ರ ಸಂಘಟನೆಯ ಕೆಲವರ ಹೆಸರಿನ ಜೊತೆ ನಿಮ್ಮ ಊರಿನ ಹೆಸರು ಸೇರಿಕೊಂಡಿತು. 2013ರಲ್ಲಿ ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ನಡೆದ ಸ್ಫೋಟಕ್ಕೆ ಯಾಸಿನ್ ಭಟ್ಕಳನಿಗೆ ಮತ್ತು ಇನ್ನೂ ನಾಲ್ವರಿಗೆ 2016ರಲ್ಲಿ ಎನ್‌ಐಎ (ರಾಷ್ಟ್ರೀಯ ತನಿಖಾ ದಳ) ಕೋರ್ಟು ಗಲ್ಲು ವಿಧಿಸಿತು. ಸತ್ತವರ ಮನೆಯವರಿಗೆ ನ್ಯಾಯ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಟಿವಿಯವರು ದಿನಕ್ಕೆ ನೂರು ಸಲ ಆ ಹೆಸರು ಕೂಗಿ, ಮಲ್ಲಿಗೆ ಬೆಳೆಯುವ, ಗಲ್ಫಿನಲ್ಲಿ ದುಡಿದು ಮನೆಗೆ ದುಡ್ಡು ಕಳಿಸುವ, ಮೀನು ಮಾರುವ ಇಡೀ ಊರನ್ನು ಆ ಕೆಲವರ ಜೊತೆ ಕಟ್ಟಿಬಿಟ್ಟರು. ಭಟ್ಕಳದ ಹಿಂದೂ ಹುಡುಗರೂ ಇದೇ ಅನುಭವ ಹೇಳಿದ್ದನ್ನು ಕೇಳಿದ್ದೇನೆ.

ಬಾಂಬ್ ಇಡುವವನಿಗೆ ಬೇಕಾಗಿದ್ದೂ ಇದೇ. ಒಂದು ಬಾಂಬಿನಿಂದ ಅವನು ಕೊಲ್ಲಬಹುದಾದದ್ದು ಕೆಲವರನ್ನು. ಆಮೇಲೆ ನಾವು ಒಬ್ಬರನ್ನೊಬ್ಬರು ಬಾಗಿಲಾಚೆ ನಿಲ್ಲಿಸುತ್ತೇವಲ್ಲ, ಆ ಕೆಲಸವನ್ನು ಅವನ ಪರವಾಗಿ ನಾವು ಮಾಡುತ್ತೇವೆ. ಪಹಲ್ಗಾಮ್‌ನಲ್ಲಿ ಧರ್ಮ ಕೇಳಿ ಕೊಂದರು. ಸತ್ತ 26 ಜನರಲ್ಲಿ ಕುದುರೆ ನಡೆಸುವ ಸ್ಥಳೀಯ ಮುಸ್ಲಿಂ ಯುವಕನೂ ಇದ್ದ. ಆಮೇಲೆ ಬೇರೆ ರಾಜ್ಯಗಳಲ್ಲಿ ಓದುತ್ತಿದ್ದ ಕಾಶ್ಮೀರಿ ಹುಡುಗರ ಮೇಲೆ ಹಲ್ಲೆ ಆಯಿತು. ಕಾಶ್ಮೀರದ 87 ಪ್ರವಾಸಿ ತಾಣಗಳಲ್ಲಿ 48 ಮುಚ್ಚಿದವು. ಗೋಕರ್ಣ, ಮುರುಡೇಶ್ವರದಲ್ಲಿ ಅಂಗಡಿ, ಲಾಡ್ಜ್ ಇಟ್ಟವರಿಗೆ ಅದರ ಅರ್ಥ ಬೇರೆ ಹೇಳಬೇಕಾಗಿಲ್ಲ.

ನೀನು ಮಾಡಬೇಕಾದ್ದು: ಊರಿನ ಹೆಸರು ಮುಚ್ಚಿಡಬೇಡ. ಕಾಲೇಜಿನ ಅಧ್ಯಾಪಕರೊಬ್ಬರ ಪತ್ರ ತೆಗೆದುಕೊಂಡು ಹೋಗು. ಬೆಂಗಳೂರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ತುಂಬಾ ಜನ ಇದ್ದಾರೆ, ನನಗೆ ಬೇರೆಯಾಗಿ ಮೆಸೇಜ್ ಮಾಡು, ರೂಮಿನ ವಿಷಯ ನಾನು ಮಾತಾಡುತ್ತೇನೆ.

ಪ್ರಶ್ನೆ (ಕಾರವಾರ): ಸಂಶಯ ಪಡಬೇಡಿ ಅಂದರೆ ಪೊಲೀಸರು ಹಿಡಿಯುವುದು ಹೇಗೆ ಮೇಡಂ? ಇಲ್ಲಿ ನೌಕಾನೆಲೆ ಇದೆ, ಆಚೆ ಕೈಗಾ ಅಣುಸ್ಥಾವರ ಇದೆ. ಸುಮ್ನೆ ಕೂರಲಿಕ್ಕೆ ಆಗುತ್ತದಾ?

ಉತ್ತರ: ಸುಮ್ನೆ ಕೂರಬೇಡಿ. ಸಂಶಯ ಮಾಡಿದ ಕೆಲಸದ ಮೇಲೆ ಇರಲಿ, ಹೆಸರು, ಗಡ್ಡ, ಊರಿನ ಮೇಲೆ ಬೇಡ. ತಪ್ಪು ಜನರನ್ನು ಹಿಡಿದರೆ ನಿಜವಾಗಿ ಮಾಡಿದವನು ಹೊರಗೆ ಆರಾಮಾಗಿ ಇರುತ್ತಾನೆ. 2002ರಲ್ಲಿ ಗುಜರಾತಿನ ಅಕ್ಷರಧಾಮ ದೇವಸ್ಥಾನದ ಮೇಲೆ ನಡೆದ ದಾಳಿಯ ಕೇಸಿನಲ್ಲಿ ಆರು ಜನರಿಗೆ ಶಿಕ್ಷೆಯಾಗಿತ್ತು, ಮೂವರಿಗೆ ಗಲ್ಲು. 2014ರಲ್ಲಿ ಸುಪ್ರೀಂ ಕೋರ್ಟ್ ಆರೂ ಜನರನ್ನು ಬಿಡುಗಡೆ ಮಾಡಿತು. ಆ ವರ್ಷಗಳನ್ನು ಅವರಿಗೆ ಯಾರು ಕೊಡುತ್ತಾರೆ? ದಾಳಿಯಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ ಉತ್ತರ ಎಲ್ಲಿ ಸಿಕ್ಕಿತು? ಭಯೋತ್ಪಾದನೆ ತಡೆಯಲು ತಂದ ಕಾನೂನುಗಳಾದ ಟಾಡಾ 1995ರಲ್ಲಿ, ಪೋಟಾ 2004ರಲ್ಲಿ ಕೊನೆಯಾಗಿದ್ದಕ್ಕೆ ದುರ್ಬಳಕೆಯ ದೂರುಗಳೇ ಮುಖ್ಯ ಕಾರಣ. ಕಾನೂನು ಗಟ್ಟಿ ಇರಲಿ, ತನಿಖೆ ಅದಕ್ಕಿಂತ ಗಟ್ಟಿ ಇರಲಿ.

ಪ್ರಶ್ನೆ (ಅಂಕೋಲಾ): ಅಕ್ಕೋರೇ, ನನ್ನ ಮಗ ಪಿಯುಸಿ. ಇತ್ತೀಚೆಗೆ ರಾತ್ರಿಯೆಲ್ಲ ದ್ವೇಷದ ವಿಡಿಯೋ ನೋಡುತ್ತಾನೆ, ಇಂಥವರನ್ನೆಲ್ಲ ಮುಗಿಸಬೇಕು ಅನ್ನುತ್ತಾನೆ. ನಾವು ಯಾವ ಜಾತಿ, ಯಾವ ಧರ್ಮ ಅಂತ ಬರೆಯುವುದಿಲ್ಲ. ಭಯ ಆಗುತ್ತದೆ.

ಉತ್ತರ: ಬರೆಯದೇ ಇದ್ದದ್ದು ಒಳ್ಳೆಯದಾಯಿತು ತಂಗಿ, ಉತ್ತರ ಎಲ್ಲರಿಗೂ ಒಂದೇ. ಆ ಮಾತು ಆಡಿದ ಹುಡುಗರೆಲ್ಲ ಉಗ್ರರಾಗುವುದಿಲ್ಲ, ಅದು ಮೊದಲು ತಿಳಿದಿರಲಿ. ಫೋನ್ ಕಿತ್ತುಕೊಳ್ಳಬೇಡಿ, ಕಿತ್ತುಕೊಂಡರೆ ಅವನು ಇನ್ನೊಬ್ಬನ ಫೋನಿನಲ್ಲಿ ನೋಡುತ್ತಾನೆ, ನಿಮಗೆ ಹೇಳುವುದನ್ನು ಬಿಡುತ್ತಾನೆ. ಪಕ್ಕ ಕೂತು ಒಂದು ವಿಡಿಯೋ ನೀವೂ ನೋಡಿ. ಇದನ್ನು ಮಾಡಿದವರು ಯಾರು, ಯಾವ ಊರಿನದ್ದು, ಯಾವ ವರ್ಷದ್ದು ಅಂತ ಅವನ ಹತ್ತಿರವೇ ಹುಡುಕಿಸಿ. ಬಹಳ ಸಲ ಅದು ಬೇರೆ ದೇಶದ ಹಳೇ ವಿಡಿಯೋ ಆಗಿರುತ್ತದೆ. ಜೊತೆಗೆ ನೋಡಬೇಕಾದ್ದು ಗೆಳೆಯರನ್ನು. ಹಳೇ ಗೆಳೆಯರನ್ನು ಬಿಟ್ಟಿದ್ದಾನಾ, ವಾಲಿಬಾಲ್‌ಗೆ ಹೋಗುವುದು ನಿಂತಿದೆಯಾ, ಹೊಸಬರು ಯಾರಾದರೂ ಗುಟ್ಟಾಗಿ ಕರೆಯುತ್ತಿದ್ದಾರಾ, ದುಡ್ಡು ಕೊಡುತ್ತಿದ್ದಾರಾ? ಇವು ಇಲ್ಲದಿದ್ದರೆ ಅವನು ನಂಬುವ ಮಾವನೋ, ಮಾಸ್ತರೋ ಮಾತಾಡಿದರೆ ಸಾಕು. ಇದ್ದರೆ ಕಾಲೇಜಿನವರಿಗೂ ಆಪ್ತಸಮಾಲೋಚಕರಿಗೂ ಬೇಗ ಹೇಳಿ. ಯಾರಿಗೋ ಏನೋ ಮಾಡುವ ತಯಾರಿ ಕಂಡರೆ ಮಾತ್ರ ತಡ ಮಾಡದೆ 112ಕ್ಕೆ ಫೋನ್ ಮಾಡಿ. ಅದು ಮಗನನ್ನು ಹಿಡಿದುಕೊಟ್ಟ ಹಾಗಲ್ಲ, ಉಳಿಸಿಕೊಂಡ ಹಾಗೆ. ಈ ಭಾನುವಾರ ನಾನು ಅಂಕೋಲಾಕ್ಕೆ ಬರುವವಳಿದ್ದೇನೆ, ಬೇಕಾದರೆ ಮನೆಗೇ ಬರುತ್ತೇನೆ.